ಉತ್ತರ ಬಂತು, ಲೆಕ್ಕ ಬಂತೇ?

ಓದುಗರ ಪ್ರಶ್ನೆ – ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕೃತಕ ಬುದ್ಧಿಮತ್ತೆ (ಎಐ) ಮತ್ತು ಮಕ್ಕಳ ಓದಿಗೆ ಸಂಬಂಧಿಸಿದವು. ಆದ್ದರಿಂದ ಉಳಿದ ವಿಷಯಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಇಲ್ಲಿ ಇದೊಂದಕ್ಕೇ ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ನನ್ನ ಮಗಳು ಹತ್ತನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಗಣಿತದ ಲೆಕ್ಕ ತಿಳಿಯದಿದ್ದರೆ ಮೊಬೈಲಿನಲ್ಲಿ ಎಐಯನ್ನು ಕೇಳುತ್ತಾಳೆ. ಅದು ಹಂತಹಂತವಾಗಿ ಬಿಡಿಸಿ ತೋರಿಸುತ್ತದೆ, ಇವಳೂ “ಅರ್ಥ ಆಯ್ತಮ್ಮ” ಎನ್ನುತ್ತಾಳೆ. ಹೋಮ್‌ವರ್ಕ್‌ನಲ್ಲಿ ಒಂದೂ ತಪ್ಪಿಲ್ಲ, ಆದರೆ ಪರೀಕ್ಷೆಯಲ್ಲಿ ಅದೇ ಬಗೆಯ ಲೆಕ್ಕ ಬಂದರೆ ಕೈಕಟ್ಟಿ ಕೂರುತ್ತಾಳೆ. ಇದೇಕೆ ಹೀಗೆ?

ಉತ್ತರ: ನಿಮ್ಮ ಮಗಳು ಸುಳ್ಳು ಹೇಳುತ್ತಿಲ್ಲ. ಅವಳಿಗೆ ನಿಜವಾಗಿಯೂ ಅರ್ಥವಾಗಿದೆ, ಆದರೆ ಮನದಟ್ಟಾಗಿಲ್ಲ. ಕನ್ನಡದಲ್ಲಿ ಈ ಎರಡಕ್ಕೂ ಬೇರೆ ಬೇರೆ ಮಾತುಗಳಿರುವುದು ಸುಮ್ಮನೆ ಅಲ್ಲ.

ಒಂದು ವರ್ಗ ಸಮೀಕರಣವನ್ನೇ ತೆಗೆದುಕೊಳ್ಳಿ. ಅದರ ಮಧ್ಯದ ಪದವನ್ನು ಒಡೆಯಲು, ಗುಣಿಸಿದರೆ 84, ಕೂಡಿಸಿದರೆ 19 ಬರುವ ಎರಡು ಸಂಖ್ಯೆಗಳು ಬೇಕಾಗಿವೆ ಎನ್ನಿ. ಯಂತ್ರ “7 ಮತ್ತು 12” ಎಂದು ಬರೆದು ಮುಂದಿನ ಹಂತಕ್ಕೆ ಹೋಗುತ್ತದೆ, ನೋಡಿದವರು ಹೌದಲ್ಲ ಎಂದು ತಲೆಯಾಡಿಸುತ್ತಾರೆ. ತಾನೇ ಹುಡುಕುವ ವಿದ್ಯಾರ್ಥಿ ಮಾತ್ರ 4 ಮತ್ತು 21 ಇಟ್ಟು ನೋಡುತ್ತಾಳೆ, ಮೊತ್ತ 25 ಆಗುತ್ತದೆ. 6 ಮತ್ತು 14 ಇಟ್ಟರೆ 20ಕ್ಕೆ ಇಳಿಯುತ್ತದೆ. ಎರಡು ಸಂಖ್ಯೆಗಳು ಹತ್ತಿರ ಬಂದಷ್ಟೂ ಮೊತ್ತ ಕಡಿಮೆಯಾಗುತ್ತದೆ ಎಂಬುದು ಯಾರೂ ಹೇಳಿಕೊಡದೆ ಅವಳಿಗೆ ಹೊಳೆದು, ಮುಂದಿನ ಪ್ರಯತ್ನದಲ್ಲಿ 7 ಮತ್ತು 12 ಸಿಗುತ್ತವೆ. ಪರೀಕ್ಷೆಯಲ್ಲಿ ಕೈಹಿಡಿಯುವುದು ಈ ತಡಕಾಟ. ಬಿಡಿಸಿಟ್ಟ ಉತ್ತರದಲ್ಲಿ ಇದರ ಗುರುತೇ ಇರುವುದಿಲ್ಲ.

ಇದು ಬರಿಯ ಊಹೆಯಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಟರ್ಕಿಯ ಒಂದು ಪ್ರೌಢಶಾಲೆಯ ಸುಮಾರು 1,000 ವಿದ್ಯಾರ್ಥಿಗಳ ಮೇಲೆ ನಡೆಸಿದ, 2024ರಲ್ಲಿ ಬೆಳಕಿಗೆ ಬಂದ ಪ್ರಯೋಗದಲ್ಲಿ ಹೆಚ್ಚುಕಡಿಮೆ ನಿಮ್ಮ ಮನೆಯ ಕಥೆಯೇ ಇದೆ. ಸಾಮಾನ್ಯ ಚಾಟ್‌ಬಾಟ್ ಸಿಕ್ಕ ಮಕ್ಕಳು ಅಭ್ಯಾಸದ ಲೆಕ್ಕಗಳಲ್ಲಿ ಎಐ ಇಲ್ಲದವರಿಗಿಂತ ಶೇ. 48ರಷ್ಟು ಮುಂದಿದ್ದರು, ಅದನ್ನು ಕಿತ್ತುಕೊಂಡು ಪರೀಕ್ಷೆ ಕೊಟ್ಟಾಗ, ಎಐಯನ್ನು ಮುಟ್ಟದೆ ಪುಸ್ತಕ ಇಟ್ಟುಕೊಂಡು ಅಭ್ಯಾಸ ಮಾಡಿದವರಿಗಿಂತ ಶೇ. 17ರಷ್ಟು ಹಿಂದೆ ಬಿದ್ದರು. ಇನ್ನೊಂದು ಗುಂಪಿಗೆ ಉತ್ತರ ಹೇಳದೆ ಸುಳಿವು ಮಾತ್ರ ಕೊಡುವಂತೆ, ಶಿಕ್ಷಕರ ನೆರವಿನಿಂದ ಪಳಗಿಸಿದ ಎಐ ಕೊಟ್ಟಿದ್ದರು. ಆ ಮಕ್ಕಳು ಅಭ್ಯಾಸದಲ್ಲಿ ಶೇ. 127ರಷ್ಟು ಮುಂದಿದ್ದರು, ಪರೀಕ್ಷೆಯಲ್ಲಿ ಹಿಂದೆ ಬೀಳಲಿಲ್ಲ. ಹಾಗೆಂದು ಮುಂದೆಯೂ ಹೋಗಲಿಲ್ಲ ಎಂಬುದನ್ನು, ಸುಳಿವು ಕೊಡುವ ಆ್ಯಪ್‌ಗಳ ಜಾಹೀರಾತು ನೋಡುವಾಗ ನೆನಪಿಡಬೇಕು. ನನ್ನನ್ನು ಹೆಚ್ಚು ಕಾಡಿದ ಸಂಗತಿ ಬೇರೆ: ಹಿಂದೆ ಬಿದ್ದ ಮಕ್ಕಳಿಗೆ, ತಾವು ಕಡಿಮೆ ಕಲಿತಿದ್ದೇವೆ ಎಂದು ಅನ್ನಿಸಿರಲೇ ಇಲ್ಲ.

ಈ ಭ್ರಮೆಯನ್ನು ಎಐ ಹುಟ್ಟಿಸಿದ್ದಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಒಂದು ಗುಂಪಿಗೆ ಪಾಠವನ್ನು ಎರಡು ಸಲ ಓದಿಸಿದರು, ಇನ್ನೊಂದು ಗುಂಪಿಗೆ ಒಂದು ಸಲ ಓದಿಸಿ, ಪುಸ್ತಕ ಮುಚ್ಚಿ ನೆನಪಿದ್ದುದನ್ನು ಬರೆಸಿದರು. ಐದು ನಿಮಿಷದ ಬಳಿಕ ಎರಡು ಸಲ ಓದಿದವರೇ ಮುಂದು. ಒಂದು ವಾರ ಕಳೆದ ಮೇಲೆ ಓದಿದವರಿಗೆ ಉಳಿದದ್ದು ಶೇ. 42, ಬರೆದವರಿಗೆ ಶೇ. 56. ಕಣ್ಣೆದುರಿಗೆ ಸರಾಗವಾಗಿ ಸಾಗುವುದನ್ನು ನಾವು ತಲೆಯಲ್ಲಿ ಇಳಿದದ್ದೆಂದೇ ತಿಳಿಯುತ್ತೇವೆ, ಮತ್ತು ಎಐ ಕೊಡುವ ವಿವರಣೆಯಷ್ಟು ಸರಾಗವಾದದ್ದು ಬೇರೆ ಇಲ್ಲ.

ಹಾಗಾಗಿ ಮೊಬೈಲನ್ನು ಕಿತ್ತುಕೊಳ್ಳಬೇಡಿ, ಕೇಳುವ ಹೊತ್ತನ್ನು ಬದಲಿಸಿ. ಮೊದಲು ಹತ್ತು ನಿಮಿಷವಾದರೂ ಅವಳೇ ಕಾಗದದ ಮೇಲೆ ಗುದ್ದಾಡಲಿ. ಆಮೇಲೆ, “ಈ ಲೆಕ್ಕ ಬಿಡಿಸು” ಎನ್ನುವ ಬದಲು “ನಾನು ಇಷ್ಟು ಮಾಡಿದ್ದೇನೆ, ಎಲ್ಲಿ ದಾರಿ ತಪ್ಪಿದೆ ಎಂದಷ್ಟೇ ಹೇಳು, ಉತ್ತರ ಹೇಳಬೇಡ” ಎಂದು ಕೇಳಲಿ. ವಿವರಣೆ ಓದಿದ ಮೇಲೆ ಮೊಬೈಲನ್ನು ಮಗುಚಿಟ್ಟು, ಅದೇ ಲೆಕ್ಕವನ್ನು ಮರುದಿನ ಖಾಲಿ ಹಾಳೆಯಲ್ಲಿ ಮಾಡಿ ನೋಡಲಿ. ಮರುದಿನ ಎಂಬುದು ಮುಖ್ಯ, ಏಕೆಂದರೆ ಓದಿದ ತಕ್ಷಣ ಎಲ್ಲರಿಗೂ ಬರುತ್ತದೆ.

ಪ್ರಶ್ನೆ: ಕ್ಯಾಲ್ಕ್ಯುಲೇಟರ್ ಬಂದಾಗಲೂ ಮಕ್ಕಳ ತಲೆ ಹಾಳಾಗುತ್ತದೆ ಎಂದು ಹಿರಿಯರು ಗಾಬರಿಯಾಗಿದ್ದರಂತೆ. ಹಾಗೇನೂ ಆಗಲಿಲ್ಲ. ಈಗಿನ ಗಾಬರಿಯೂ ಅಂಥದ್ದೇ ಅಲ್ಲವೇ?

ಉತ್ತರ: ಈ ಹೋಲಿಕೆ ಅರ್ಧ ದಾರಿಯವರೆಗೆ ಮಾತ್ರ ಬರುತ್ತದೆ. ಕ್ಯಾಲ್ಕ್ಯುಲೇಟರ್ ಕೈಯಲ್ಲಿದ್ದರೂ ಗುಣಿಸಬೇಕೋ ಭಾಗಿಸಬೇಕೋ, ಯಾವುದನ್ನು ಯಾವುದರಿಂದ ಎಂಬುದನ್ನು ನೀವೇ ತೀರ್ಮಾನಿಸಬೇಕು. ಅದು ಕೈಕೆಲಸವನ್ನಷ್ಟೇ ವಹಿಸಿಕೊಳ್ಳುತ್ತದೆ. ಪ್ರಶ್ನೆಯನ್ನು ಇದ್ದ ಹಾಗೇ ಅಂಟಿಸಿದರೆ ಎಐ ಆ ತೀರ್ಮಾನವನ್ನೂ ತಾನೇ ಮಾಡಿಬಿಡುತ್ತದೆ, ಕಲಿಯಬೇಕಾದದ್ದು ಬಹುಪಾಲು ಆ ತೀರ್ಮಾನವೇ ಆಗಿರುತ್ತದೆ. ಇನ್ನೊಂದು ವ್ಯತ್ಯಾಸವೂ ಇದೆ. ಕ್ಯಾಲ್ಕ್ಯುಲೇಟರ್ ಒಂದೇ ಲೆಕ್ಕಕ್ಕೆ ಎಂದೂ ಒಂದೇ ಉತ್ತರ ಕೊಡುತ್ತದೆ, ಎಐ ಚಾಟ್‌ಬಾಟ್‌ನ ಒಳಗಿರುವ ಭಾಷಾ ಮಾದರಿಗೆ ಆ ಕಟ್ಟುಪಾಡಿಲ್ಲ. ಅದರ ತಪ್ಪನ್ನು ಗುರುತಿಸಲು ನಿಮಗೆ ವಿಷಯ ಮೊದಲೇ ಗೊತ್ತಿರಬೇಕು.

ಪ್ರಶ್ನೆ: ನಾನು ಪ್ರೌಢಶಾಲಾ ಶಿಕ್ಷಕಿ. ಮಕ್ಕಳ ಪ್ರಬಂಧವನ್ನು ಎಐ ಬರೆದಿದೆಯೇ ಎಂದು ಪತ್ತೆ ಮಾಡುವ ಸಾಫ್ಟ್‌ವೇರ್ ಇದೆಯಂತೆ. ಅದನ್ನು ನಂಬಿ ಅಂಕ ಕಳೆಯಬಹುದೇ?

ಉತ್ತರ: ದಯವಿಟ್ಟು ಬೇಡ. ಚಾಟ್‌ಜಿಪಿಟಿಯನ್ನು ರೂಪಿಸಿದ ಓಪನ್‌ಎಐ ಸಂಸ್ಥೆಯೇ 2023ರ ಜನವರಿಯಲ್ಲಿ ಇಂಥದೊಂದು ಪತ್ತೆ ಸಾಧನವನ್ನು ಹೊರತಂದಿತ್ತು. ಸಂಸ್ಥೆ ತಾನೇ ಒಪ್ಪಿಕೊಂಡಂತೆ, ಯಂತ್ರ ಬರೆದ ಬರಹಗಳಲ್ಲಿ ಅದು ಗುರುತಿಸಿದ್ದು ಶೇ. 26ರಷ್ಟನ್ನು ಮಾತ್ರ; ಮನುಷ್ಯರು ಬರೆದ ಬರಹಗಳಲ್ಲಿ ಶೇ. 9ರಷ್ಟನ್ನು ಯಂತ್ರದ್ದೆಂದು ತಪ್ಪಾಗಿ ಹೇಳಿತ್ತು. ಅದೇ ವರ್ಷ ಜುಲೈಯಲ್ಲಿ ಅದನ್ನು ಹಿಂತೆಗೆದುಕೊಂಡರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಗಾಗಿ ಬರೆದ 91 ಪ್ರಬಂಧಗಳನ್ನು ಏಳು ಪತ್ತೆ ಸಾಧನಗಳಿಗೆ ಒಡ್ಡಿದಾಗ, ಸರಾಸರಿ ಅರ್ಧಕ್ಕಿಂತ ಹೆಚ್ಚು ಪ್ರಬಂಧಗಳು “ಯಂತ್ರದ ಬರಹ” ಎನ್ನಿಸಿಕೊಂಡವು. ಇದಕ್ಕೆ ಕಾರಣ ಸರಳ: ಊಹಿಸಬಹುದಾದ, ಸಾದಾ ಪದಗಳ ಬರಹ ಕಂಡರೆ ಈ ಸಾಧನಗಳಿಗೆ ಅನುಮಾನ, ಹೊಸ ಭಾಷೆ ಕಲಿಯುವ ಮಗುವಿನ ಹತ್ತಿರ ಇರುವುದೋ ಅಂಥ ಸಾದಾ ಪದಗಳೇ. ತಪ್ಪು ಮಾಡದ ಮಗುವಿನ ಮೇಲೆ ಕಳ್ಳತನದ ಆರೋಪ ಹೊರಿಸುವುದಕ್ಕಿಂತ, ಮಾಡಿದ ಒಂದಿಬ್ಬರು ತಪ್ಪಿಸಿಕೊಂಡರೂ ಚಿಂತೆಯಿಲ್ಲ ಎಂಬುದು ನನ್ನ ಅಭಿಪ್ರಾಯ.

ಇದಕ್ಕಿಂತ ಹಳೆಯ ಉಪಾಯವೇ ಚೆನ್ನ. ಪ್ರಬಂಧವನ್ನು ಕೈಯಲ್ಲಿ ಹಿಡಿದು, ಬರೆದವರನ್ನು ಎದುರಿಗೆ ಕೂರಿಸಿಕೊಂಡು, “ಮೂರನೆಯ ಪ್ಯಾರಾದಲ್ಲಿ ಹೀಗೆ ಹೇಳಿದ್ದೀಯಲ್ಲ, ಇದಕ್ಕೆ ಇನ್ನೊಂದು ಉದಾಹರಣೆ ಕೊಡು” ಎಂದು ಕೇಳಿ. ಎರಡು ನಿಮಿಷ ಸಾಕು. ಕರಡು ಪ್ರತಿಯನ್ನೂ ಪ್ರಬಂಧದೊಡನೆ ತರಿಸಿದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಪ್ರಾಜೆಕ್ಟ್‌ಗೆಂದು ಆಧಾರ ಗ್ರಂಥಗಳನ್ನು ಕೇಳಿದೆ. ಲೇಖಕರ ಹೆಸರು, ವರ್ಷ, ಪುಟ ಸಮೇತ ಎಐ ಪಟ್ಟಿ ಕೊಟ್ಟಿತು. ಗ್ರಂಥಾಲಯದಲ್ಲಿ ಹುಡುಕಿದರೆ ಅವುಗಳಲ್ಲಿ ಎರಡು ಪುಸ್ತಕಗಳು ಪ್ರಕಟವೇ ಆಗಿಲ್ಲ! ಯಂತ್ರ ಸುಳ್ಳನ್ನೇಕೆ ಹೇಳುತ್ತದೆ?

ಉತ್ತರ: ಸುಳ್ಳು ಹೇಳಲು ನಿಜ ಗೊತ್ತಿರಬೇಕಲ್ಲವೇ? ಭಾಷಾ ಮಾದರಿ ಅಪಾರ ಬರಹವನ್ನು ಅರಗಿಸಿಕೊಂಡು, ಇಲ್ಲಿಯವರೆಗಿನ ಮಾತಿನ ನಂತರ ಯಾವ ತುಣುಕು ಬರುವುದು ಸಂಭವನೀಯ ಎಂದು ಒಂದೊಂದಾಗಿ ಪೋಣಿಸುತ್ತದೆ. ಪುಸ್ತಕದ ಉಲ್ಲೇಖ ಹೇಗಿರುತ್ತದೆ ಎಂಬ ಅಚ್ಚು ಅದಕ್ಕೆ ಕರಗತವಾಗಿದೆ, ಆ ಅಚ್ಚಿಗೆ ಹೊಂದುವ ಹೆಸರೂ ವರ್ಷವೂ ಬಂದು ಕೂರುತ್ತವೆ. ನ್ಯೂಯಾರ್ಕಿನಲ್ಲಿ 2023ರಲ್ಲಿ ಇಬ್ಬರು ವಕೀಲರು ಹೀಗೆ ಹುಟ್ಟಿದ, ಎಂದೂ ನಡೆಯದ ಮೊಕದ್ದಮೆಗಳನ್ನು ನ್ಯಾಯಾಲಯಕ್ಕೆ ಸಲ್ಲಿಸಿ 5,000 ಡಾಲರ್ ದಂಡಕ್ಕೆ ಗುರಿಯಾದರು. ಅವರಲ್ಲೊಬ್ಬರು, ಈ ಮೊಕದ್ದಮೆ ನಿಜವೇ ಎಂದು ಚಾಟ್‌ಬಾಟನ್ನೇ ವಿಚಾರಿಸಿ, ಹೌದೆಂಬ ಉತ್ತರವನ್ನು ನಂಬಿದ್ದರು. ನೀವು ಗ್ರಂಥಾಲಯಕ್ಕೆ ಹೋದಿರಿ. ಸರಿಯಾದುದನ್ನೇ ಮಾಡಿದಿರಿ.

ಪ್ರಶ್ನೆ: ನಾನು ಪದವಿ ವಿದ್ಯಾರ್ಥಿ. ಪ್ರಬಂಧದ ಅಂಶಗಳೆಲ್ಲ ನನ್ನವೇ. ಅವನ್ನು ಕೊಟ್ಟು, ಒಳ್ಳೆಯ ಭಾಷೆಯಲ್ಲಿ ಬರೆದುಕೊಡಲು ಎಐಗೆ ಹೇಳುತ್ತೇನೆ. ಯೋಚನೆ ನನ್ನದು, ಬರವಣಿಗೆ ಮಾತ್ರ ಅದರದು. ಇದರಲ್ಲಿ ತಪ್ಪೇನು?

ಉತ್ತರ: ಬರೆಯುವ ಮೊದಲೇ ಯೋಚನೆ ಮುಗಿದಿರುತ್ತದೆ ಎಂದು ನೀವು ತಿಳಿದಿರುವಲ್ಲೇ ತೊಡಕಿದೆ. ನಿಮ್ಮ ಟಿಪ್ಪಣಿಯಲ್ಲಿ ಎರಡು ಅಂಶಗಳು ಒಂದರ ಕೆಳಗೊಂದು ಇವೆ ಎನ್ನೋಣ: “ಮೊಬೈಲ್ ಬಳಕೆ ಹೆಚ್ಚಿದೆ”, “ಓದುವ ಹವ್ಯಾಸ ಕಡಿಮೆಯಾಗಿದೆ”. ಟಿಪ್ಪಣಿಯಾಗಿ ಎರಡೂ ಸರಿಯೇ. ಅವನ್ನು ವಾಕ್ಯವಾಗಿ ಕೂಡಿಸಲು ಹೊರಟಾಗ ನಡುವೆ ಒಂದು ಪದ ಬೇಕಾಗುತ್ತದೆ. “ಆದ್ದರಿಂದ” ಎನ್ನಬೇಕೇ? ಹಾಗೆಂದರೆ ಮೊದಲನೆಯದೇ ಎರಡನೆಯದಕ್ಕೆ ಕಾರಣವೆಂದು ಹೇಳಿದಂತಾಯಿತು, ಅದಕ್ಕೆ ಆಧಾರ ನಿಮ್ಮಲ್ಲಿದೆಯೇ? “ಜೊತೆಗೆ” ಎಂದರೆ ಸಾಕೇ? ಅಥವಾ ಓದು ಕಡಿಮೆಯಾದದ್ದರಿಂದಲೇ ಆ ಖಾಲಿ ಹೊತ್ತಿಗೆ ಮೊಬೈಲ್ ಬಂತೇ? ಪೆನ್ನು ನಿಂತುಹೋಗುವುದು ಇಂಥ ಕಡೆಯಲ್ಲಿ, ಮತ್ತು ನೀವು ನಿಜವಾಗಿ ಯೋಚಿಸುವುದೂ ಪೆನ್ನು ನಿಂತ ಆ ಹೊತ್ತಿನಲ್ಲೇ. ಎಐಯ ಪೆನ್ನು ನಿಲ್ಲುವುದಿಲ್ಲ. ಅದು ಸಲೀಸಾಗಿ “ಆದ್ದರಿಂದ” ಹಾಕಿ ಮುಂದೆ ಸಾಗುತ್ತದೆ, ಓದಿದ ನೀವು ಭಾಷೆ ಚೆನ್ನಾಗಿದೆಯೆಂದು ಒಪ್ಪಿಬಿಡುತ್ತೀರಿ, ನಿಮ್ಮದಲ್ಲದ ಒಂದು ವಾದ ನಿಮ್ಮ ಹೆಸರಿನಲ್ಲಿ ಹೊರಗೆ ಬರುತ್ತದೆ.

ಕಾಗುಣಿತ ತಿದ್ದಿಸಿಕೊಳ್ಳಿ, ವ್ಯಾಕರಣ ನೋಡಿಸಿಕೊಳ್ಳಿ, ಅದಕ್ಕೆ ನನ್ನ ಆಕ್ಷೇಪವಿಲ್ಲ. ಇನ್ನೂ ಚೆನ್ನಾದದ್ದು ಬೇಕೆಂದರೆ, ಒರಟಾಗಿಯೇ ಇರಲಿ, ಕರಡನ್ನು ಪೂರ್ತಿ ನೀವೇ ಬರೆದು ಮುಗಿಸಿ, “ಇದನ್ನು ಒಪ್ಪದವರು ಏನೆನ್ನಬಹುದು?” ಎಂದು ಎಐಯನ್ನು ಕೇಳಿ. ಬಂದ ಆಕ್ಷೇಪಣೆಗಳಿಗೆ ನೀವೇ ಉತ್ತರ ಬರೆಯಿರಿ. ಸಿಕ್ಕ ಕಡೆಯಲ್ಲೆಲ್ಲ ನಮ್ಮೊಡನೆ ಬೇಸರವಿಲ್ಲದೆ ವಾದಕ್ಕೆ ನಿಲ್ಲುವ ಸ್ನೇಹಿತರು ಎಷ್ಟು ಜನಕ್ಕಿರುತ್ತಾರೆ?

ಪ್ರಶ್ನೆ: ಶಾಲೆಯಲ್ಲಿ ಇದನ್ನೆಲ್ಲ ನಿಷೇಧಿಸಿಬಿಡುವುದೇ ಸುಲಭವಲ್ಲವೇ?

ಉತ್ತರ: ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳು 2023ರ ಜನವರಿಯಲ್ಲಿ ತಮ್ಮ ಜಾಲದಲ್ಲಿ ಚಾಟ್‌ಜಿಪಿಟಿಯನ್ನು ತಡೆದವು, ಮೇ ತಿಂಗಳಲ್ಲಿ ಆ ನಿಲುವನ್ನು ಕೈಬಿಟ್ಟವು. ಶಾಲೆಯ ಗೇಟಿನಾಚೆ ಯಾವ ತಡೆಯೂ ನಿಲ್ಲುವುದಿಲ್ಲ. ಚಿಕ್ಕ ಮಕ್ಕಳ ಮಾತು ಬೇರೆ; 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೊ ಹೊರಡಿಸಿದ ಮಾರ್ಗದರ್ಶಿ, ತರಗತಿಯಲ್ಲಿ ಇಂಥ ಸಾಧನಗಳ ಬಳಕೆಗೆ ಕನಿಷ್ಠ 13 ವರ್ಷದ ಮಿತಿಯನ್ನು ಸೂಚಿಸಿದೆ. ಓದು, ಬರಹ, ಲೆಕ್ಕ ಇನ್ನೂ ಕೈಗೆ ಹತ್ತದ ವಯಸ್ಸಿನಲ್ಲಿ ಅದಕ್ಕಿಂತ ಸಡಿಲ ಬೇಡ.

ಪ್ರಶ್ನೆ: ನಮ್ಮ ಮೇಷ್ಟ್ರು ಎಐಯಿಂದಲೇ ಪ್ರಶ್ನೆಪತ್ರಿಕೆ ತಯಾರಿಸುತ್ತಾರೆ. ನಾವು ಅದರಿಂದ ಉತ್ತರ ಬರೆಸಿದರೆ ಮಾತ್ರ ತಪ್ಪೇ?

ಉತ್ತರ: ಮೇಷ್ಟ್ರಿಗೆ ಬೇಕಾಗಿರುವುದು ಪ್ರಶ್ನೆಪತ್ರಿಕೆ, ಅದು ಸಿದ್ಧವಾದರೆ ಅವರ ಕೆಲಸ ಆಯಿತು. ನಿಮ್ಮ ಉತ್ತರಪತ್ರಿಕೆ ಮಾತ್ರ ಯಾರಿಗೂ ಬೇಕಾಗಿಲ್ಲ. ನೋಡಿ ಅಂಕ ಹಾಕಿದ ಮೇಲೆ ಅದು ರದ್ದಿಗೆ ಹೋಗುತ್ತದೆ. ಅದನ್ನು ಬರೆಯುವಾಗ ನಿಮ್ಮ ತಲೆಯಲ್ಲಿ ಆದದ್ದಷ್ಟೇ ಅದರ ಫಲ. ಆದರೆ ನಿಮ್ಮ ಮೇಷ್ಟ್ರು ಉತ್ತರಗಳನ್ನೂ ತಾವು ಓದದೆ ಯಂತ್ರದಿಂದಲೇ ತಿದ್ದಿಸುತ್ತಿದ್ದರೆ, ನಿಮ್ಮ ದೂರು ನ್ಯಾಯವಾದದ್ದು. ಈ ಪುಟವನ್ನು ಅವರಿಗೆ ತೋರಿಸಿ.