ಇಪ್ಪತ್ತರ ವಯಸ್ಸಿನಲ್ಲಿ ಸ್ಕೌಟಿಂಗ್ ಸೇರಿದರೆ ಮಾಡುವುದೇನಿದೆ, ಪ್ರಶಸ್ತಿಗಳಿಗೆ ಬೆಲೆಯಿದೆಯೇ?

ಬಾಲ್ಯದಲ್ಲಿ ಸ್ಕೌಟ್ ಆಗಿರದ ಇಪ್ಪತ್ತು ವರ್ಷದವರಿಗೆ ಮಕ್ಕಳ ದಳದ ಸಹಾಯಕರಾಗುವುದರ ಹೊರತು ಬೇರೆ ಸ್ಥಾನವಿದೆಯೇ, ಈ ವಯಸ್ಸಿನವರ ಪ್ರಶಸ್ತಿಗಳು ಬರಿಯ ಬ್ಯಾಡ್ಜುಗಳೇ ಎಂದು ಕೇಳಿದ್ದೀರಿ. ರೋವರ್ (ಯುವ ವಯಸ್ಸಿನ ಸ್ಕೌಟ್) ಆಗಿದ್ದು, ಈಗ ಕಿರಿಯರ ಪ್ರಶಸ್ತಿ ಯೋಜನೆಗಳಿಗೆ ಸಲಹೆ ನೀಡುತ್ತಿರುವವನಾಗಿ ಉತ್ತರಿಸುತ್ತಿದ್ದೇನೆ.

ಸ್ಥಾನವಿದೆ. 1907ರ ಬ್ರೌನ್‌ಸೀ ದ್ವೀಪದ ಮೊದಲ ಸ್ಕೌಟ್ ಶಿಬಿರದ ನಂತರ ಚಳವಳಿಗೆ ಬಂದ ಹುಡುಗರು ಬೆಳೆದು ದೊಡ್ಡವರಾದಾಗ, ಅವರಿಗಾಗಿಯೇ 1918ರಲ್ಲಿ ರೋವರ್ ವಿಭಾಗ ಆರಂಭವಾಯಿತು. ಗೈಡ್ ಚಳವಳಿಯಲ್ಲಿ ಇದೇ ವಯೋಮಾನದವರನ್ನು ಹಲವು ದೇಶಗಳಲ್ಲಿ ರೇಂಜರ್ ಎನ್ನುತ್ತಾರೆ. ಬ್ರಿಟನ್ 1967ರಲ್ಲಿ ರೋವರ್ ವಿಭಾಗವನ್ನು ಕೈಬಿಟ್ಟರೂ, ಈಗ ಅಲ್ಲಿ 18ರಿಂದ 25ರವರಿಗೆ ನೆಟ್‌ವರ್ಕ್ ಎಂಬ ವಿಭಾಗವಿದೆ.

ಕಿರಿಯರ ದಳಕ್ಕೂ ರೋವರ್ ಕ್ರೂಗೂ (ರೋವರ್ ತಂಡಕ್ಕೂ) ಇರುವ ನಿಜವಾದ ವ್ಯತ್ಯಾಸವೆಂದರೆ, ಕ್ರೂನಲ್ಲಿ ಕಾರ್ಯಕ್ರಮವನ್ನು ಸಿದ್ಧಪಡಿಸಿ ನಿಮ್ಮ ಕೈಗೆ ಕೊಡುವವರು ಯಾರೂ ಇರುವುದಿಲ್ಲ. ಸದಸ್ಯರು ತಮ್ಮೊಳಗಿನಿಂದಲೇ ಮುಖ್ಯಸ್ಥರನ್ನು ಆರಿಸಿಕೊಳ್ಳುತ್ತಾರೆ, ಹಿರಿಯರೊಬ್ಬರು ಸಲಹೆಗಾರರಾಗಿ ಪಕ್ಕದಲ್ಲಿರುತ್ತಾರೆ. ನಾಲ್ಕು ದಿನದ ಕಾಲ್ನಡಿಗೆಯೋ ರಕ್ತದಾನ ಶಿಬಿರವೋ ನಡೆಯಬೇಕಿದ್ದರೆ ದಾರಿ, ಖರ್ಚು, ಅನುಮತಿ, ಪ್ರಥಮ ಚಿಕಿತ್ಸೆ ಎಲ್ಲವನ್ನೂ ನೀವೇ ಹಂಚಿಕೊಂಡು ಮಾಡಬೇಕು; ಮಳೆಗೆ ಹಳ್ಳ ತುಂಬಿ ದಾರಿ ತಪ್ಪಿದರೆ ಮುಂದೇನೆಂದು ನಿರ್ಧರಿಸುವವರೂ ನೀವೇ. ಸೇವೆ ಎಂಬುದು ರೋವರ್‌ಗಳ ಧ್ಯೇಯವಾಕ್ಯವಾದ್ದರಿಂದ ಬರಿಯ ಚಾರಣದ ಗುಂಪಾಗಿ ಉಳಿದ ಕ್ರೂ ಹೆಚ್ಚು ಕಾಲ ಬಾಳುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಇವುಗಳ ಜೊತೆಗೆ 18ರಿಂದ 25ರವರಿಗಾಗಿಯೇ ನಡೆಯುವ ವಿಶ್ವ ಸ್ಕೌಟ್ ಮೂಟ್ ಎಂಬ ಅಂತರರಾಷ್ಟ್ರೀಯ ಸಮಾವೇಶವಿದೆ; ಮೊದಲನೆಯದು 1931ರಲ್ಲಿ ಸ್ವಿಟ್ಜರ್ಲೆಂಡಿನ ಕಾಂಡರ್‌ಸ್ಟೆಗ್‌ನಲ್ಲಿ, ಇತ್ತೀಚಿನದು 2025ರಲ್ಲಿ ಪೋರ್ಚುಗಲ್‌ನಲ್ಲಿ ನಡೆಯಿತು.

ಇನ್ನು ಪ್ರಶಸ್ತಿಗಳು. ಭಾರತದಲ್ಲಿ ಪ್ರವೀಣ, ನಿಪುಣ, ರಾಜ್ಯ ಪುರಸ್ಕಾರ ಎಂಬ ಹಂತಗಳನ್ನು ದಾಟಿ ರಾಷ್ಟ್ರಪತಿ ರೋವರ್ ಅಥವಾ ರೇಂಜರ್ ಪ್ರಶಸ್ತಿಯವರೆಗೆ ಹೋಗಬೇಕು. ಆಸ್ಟ್ರೇಲಿಯಾದ ರೋವರ್‌ಗಳಿಗೆ ಬೇಡನ್ ಪೊವೆಲ್ ಪ್ರಶಸ್ತಿಯೇ ಅತ್ಯುನ್ನತ. ಬ್ರಿಟನ್ನಿನ ಕಿಂಗ್ಸ್ ಸ್ಕೌಟ್ ಪ್ರಶಸ್ತಿಗೆ ಸೇವೆ, ಕೌಶಲ, ದೈಹಿಕ ಚಟುವಟಿಕೆ, ಸಾಹಸಯಾತ್ರೆಗಳ ಜೊತೆಗೆ ಅಂತರರಾಷ್ಟ್ರೀಯ, ಪರಿಸರ ಮತ್ತು ಮೌಲ್ಯಗಳ ಕುರಿತ ಕೆಲಸವೂ ಬೇಕು. ವಿಶ್ವ ಸ್ಕೌಟ್ ಸಂಘಟನೆ ರೂಪಿಸಿದ ಸ್ಕೌಟ್ಸ್ ಆಫ್ ದಿ ವರ್ಲ್ಡ್ ಅವಾರ್ಡ್ ನನಗೆ ಹೆಚ್ಚು ಮೆಚ್ಚುಗೆಯಾದದ್ದು, ಏಕೆಂದರೆ ಅದು ಪರಿಸರ, ಅಭಿವೃದ್ಧಿ, ಶಾಂತಿ ಎಂಬ ಮೂರು ಕ್ಷೇತ್ರಗಳಲ್ಲಿ ಒಂದು ಸಮಸ್ಯೆಯನ್ನು ಮೊದಲು ಸ್ಥಳದಲ್ಲೇ ಅಧ್ಯಯನ ಮಾಡಲು ಹೇಳಿ, ಆಮೇಲಷ್ಟೇ ಸ್ವಯಂಸೇವೆಗೆ ಕಳಿಸುತ್ತದೆ. ಸಮಸ್ಯೆ ಅರ್ಥವಾಗುವ ಮೊದಲೇ ಗಿಡ ನೆಟ್ಟು ಚಿತ್ರ ತೆಗೆಸಿಕೊಳ್ಳುವ ಉತ್ಸಾಹಕ್ಕೆ ಇದರಿಂದ ಸ್ವಲ್ಪ ಕಡಿವಾಣ ಬೀಳುತ್ತದೆ.

ಸ್ಕೌಟ್ ಆಗದವರಿಗೂ ತೆರೆದಿರುವುದು 1956ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಡ್ಯೂಕ್ ಆಫ್ ಎಡಿನ್‌ಬರೋ ಪ್ರಶಸ್ತಿ. ಅದರ ಚಿನ್ನದ ಹಂತವನ್ನು ಬೆಳ್ಳಿಯ ಹಂತ ಮುಗಿಸಿದವರು ಕನಿಷ್ಠ 12 ತಿಂಗಳಲ್ಲಿ, ನೇರವಾಗಿ ಸೇರಿದವರು ಕನಿಷ್ಠ 18 ತಿಂಗಳಲ್ಲಿ ಪೂರೈಸಬಹುದು.

ಬರಿಯ ಬ್ಯಾಡ್ಜೇ ಎಂಬ ನಿಮ್ಮ ಸಂಶಯ ಪೂರ್ತಿ ನಿರಾಧಾರವಲ್ಲ. ಕೊನೆಯ ತಿಂಗಳಲ್ಲಿ ಕುಳಿತು ವರ್ಷದ ದಿನಚರಿಯನ್ನು ಬರೆದುಬಿಡುವವರನ್ನು ನಾನು ಕಂಡಿದ್ದೇನೆ, ಓದುವವರಿಗೆ ಅದು ಎರಡನೆಯ ಪುಟದಲ್ಲೇ ತಿಳಿಯುತ್ತದೆ. ಉದ್ಯೋಗದ ಸಂದರ್ಶನದಲ್ಲಿಯೂ ಪ್ರಶಸ್ತಿಯ ಹೆಸರಿಗಿಂತ, ನೀವು ಹಮ್ಮಿಕೊಂಡ ಕೆಲಸ ಎಲ್ಲಿ ಕೆಟ್ಟಿತು, ಅದನ್ನು ಹೇಗೆ ಸರಿಪಡಿಸಿದಿರಿ ಎಂಬ ವಿವರವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಆದ್ದರಿಂದ ಮೊದಲು ಒಂದು ವರ್ಷ ಬಿಡದೆ ಮಾಡಬಲ್ಲ ಸೇವಾಕಾರ್ಯವನ್ನು ಆರಿಸಿಕೊಳ್ಳಿ, ಬಳಿಕ ಅದಕ್ಕೆ ಹೊಂದುವ ಪ್ರಶಸ್ತಿಯನ್ನು ಹುಡುಕಿ.

ವಯೋಮಿತಿಯನ್ನು ಮಾತ್ರ ಇಂದೇ ಪರಿಶೀಲಿಸಿ. ಕಿಂಗ್ಸ್ ಸ್ಕೌಟ್ ಪ್ರಶಸ್ತಿ 25ನೇ ಹುಟ್ಟುಹಬ್ಬದೊಳಗೆ, ಆಸ್ಟ್ರೇಲಿಯಾದ ಬೇಡನ್ ಪೊವೆಲ್ ಪ್ರಶಸ್ತಿ 26ನೆಯದರೊಳಗೆ ಮುಗಿಯಬೇಕು. ಮೂಟ್‌ಗೆ ವಯಸ್ಸು ಮೀರಿದರೆ ಅಷ್ಟು ಚಿಂತೆ ಬೇಡ: ಅಂಥವರು ಅಂತರರಾಷ್ಟ್ರೀಯ ಸೇವಾ ತಂಡದ ಸದಸ್ಯರಾಗಿ ಹೋಗಬಹುದು, ಅಡುಗೆಮನೆಯ ಕೆಲಸಕ್ಕೋ ಸ್ವಾಗತದ ಮೇಜಿಗೋ ನೇಮಕವಾದರೂ.