ಅಪ್ಪನ ಫೋನಿಗೆ ಬಂದ ‘ಪಿಎಂ ಕಿಸಾನ್’ ಫೈಲ್
ಮೂಡಿಗೆರೆಯಲ್ಲಿ ಅಪ್ಪ ವಾಟ್ಸಾಪ್‌ನಲ್ಲಿ ಬಂದ ‘ಪಿಎಂ ಕಿಸಾನ್’ ಎಪಿಕೆ (ಆಪ್ ಹಾಕುವ ಫೈಲ್) ಇನ್‌ಸ್ಟಾಲ್ ಮಾಡಿದ್ದಾರೆ, ದುಡ್ಡು ಇನ್ನೂ ಹೋಗಿಲ್ಲ, ಡಿಲೀಟ್ ಮಾಡಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ಈಗಲೇ ಆ ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿಸಿ. ಇಂಥ ಆಪ್‌ಗೆ ಎಸ್ಸೆಮ್ಮೆಸ್ ಓದುವ ಅನುಮತಿ ಸಿಕ್ಕಿದ್ದರೆ ಒಟಿಪಿ ನೇರವಾಗಿ ಕಳ್ಳರ ಕೈಸೇರುತ್ತದೆ. ಅಪ್ಪ ಅದನ್ನು ಯಾರಿಗೂ ಹೇಳಬೇಕಾಗಿಯೇ ಇಲ್ಲ. ದಯವಿಟ್ಟು ಅವರನ್ನು ಬೈಯಬೇಡಿ, ಹೆದರಿ ಏನನ್ನಾದರೂ ಮುಚ್ಚಿಟ್ಟಾರು.

ಬೇರೆ ಫೋನಿನಿಂದ ಬ್ಯಾಂಕಿಗೆ ಕರೆ ಮಾಡಿ ಯುಪಿಐ, ನೆಟ್‌ಬ್ಯಾಂಕಿಂಗ್, ಕಾರ್ಡ್ ಬ್ಲಾಕ್ ಮಾಡಿಸಿ. ನಂಬರ್ ಕಾರ್ಡಿನ ಹಿಂಬದಿ ನೋಡಿಯೇ ಒತ್ತಿ; ಗೂಗಲ್‌ನಲ್ಲಿ ನಕಲಿ ಸಹಾಯವಾಣಿಗಳೂ ಸಿಗುತ್ತವೆ. ಆಮೇಲೆ ಅಪ್ಪನ ಫೋನಿಗೆ ಫ್ಯಾಕ್ಟರಿ ರೀಸೆಟ್, ಅಂದರೆ ಒಳಗಿರುವುದನ್ನೆಲ್ಲ ಅಳಿಸಿ ಹೊಸದರಂತೆ ಮಾಡುವುದು. ಒಂದು ರೂಪಾಯಿ ಕಡಿತವಾದರೂ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ನಾಳೆ ಚಿಕ್ಕಮಗಳೂರಿಗೆ ಹೋಗಿ ದೂರು ಕೊಟ್ಟರಾಯಿತು ಅಂತ ಕಾಯಬೇಡಿ.

ಅದೇ ಫೈಲ್ ಅಪ್ಪನ ವಾಟ್ಸಾಪ್‌ನಿಂದ ಊರಿನ ಗ್ರೂಪುಗಳಿಗೂ ಹೋಗಿರಬಹುದು, ಅಲ್ಲಿರುವವರಿಗೆ ಇವತ್ತೇ ತಿಳಿಸಿ.