ಕಳ್ಳಖಾನೆ ಇರುವ ಮರದ ಪೆಟ್ಟಿಗೆ ನಾನೇ ಮಾಡಬೇಕು, ಎಲ್ಲಿಂದ ಶುರು ಮಾಡಲಿ?

ನಿಮ್ಮ ಪ್ರಶ್ನೆ ಇಷ್ಟು: 18 ಇಂಚು ಉದ್ದ, 12 ಇಂಚು ಅಗಲ, 9 ಇಂಚು ಎತ್ತರದ ಪೆಟ್ಟಿಗೆ, ಒಳಗೆ ಎರಡು ಕಳ್ಳಖಾನೆ, ಒಂದು ಒಡವೆಗೆ, ಇನ್ನೊಂದು ಕಾಗದಪತ್ರಕ್ಕೆ, ಹೊರಗೆ ಬೀಗ ಕಾಣಬಾರದು. ಮ್ಯಾಗ್ನೆಟ್ ಹಾಕಲೋ ಸ್ಪ್ರಿಂಗ್ ಹಾಕಲೋ ಅಂತ ಕೇಳಿದ್ದೀರಿ.

ಬೀಗದ ಮಾತು ಆಮೇಲೆ ಆಡೋಣ, ಮೊದಲು ಅಳತೆ. ಕಳ್ಳಖಾನೆ ಸಿಕ್ಕಿಬೀಳುವುದು ಗುಂಡಿ ಕಣ್ಣಿಗೆ ಬಿದ್ದು ಅಲ್ಲ. ಹೊರಗಿನಿಂದ 9 ಇಂಚು ಕಾಣುವ ಪೆಟ್ಟಿಗೆಯೊಳಗೆ ಕೈ ಇಳಿಸಿದರೆ 7 ಇಂಚಿಗೇ ತಳ ಸಿಕ್ಕಿತು ಅಂದರೆ ಅಲ್ಲಿಗೆ ಮುಗಿಯಿತು. ಬಡಗಿ ಕೆಲಸ ಗೊತ್ತಿಲ್ಲದವರಿಗೂ ಆ ವ್ಯತ್ಯಾಸ ಕೈಗೆ ತಿಳಿದುಬಿಡುತ್ತದೆ. ಹಾಗಾಗಿ ನೀವು ಕದ್ದ ಎರಡು ಇಂಚಿಗೆ ಹೊರಗಡೆ ಒಂದು ನೆಪ ಬೇಕು. ಆ ನೆಪ ಒಪ್ಪುವಂತಿದ್ದರೆ ಒಳಗೆ ಎಷ್ಟು ಸಾದಾ ಚಿಲಕ ಹಾಕಿದರೂ ನಡೆಯುತ್ತದೆ.

ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿದವನು ಜರ್ಮನಿಯ ನ್ಯೂವೀಡ್ ಊರಿನ ಬಡಗಿ ಡೇವಿಡ್ ರೋಂಟ್‌ಗೆನ್. ಅವನ ಕಾರ್ಖಾನೆಯಲ್ಲಿ 1778-79ರ ಸುಮಾರಿಗೆ ತಯಾರಾದ ಬೀರು ಪ್ರಷ್ಯದ ದೊರೆ ಎರಡನೇ ಫ್ರೆಡ್ರಿಕ್ ವಿಲಿಯಂ ಬಳಿ ಇತ್ತು, ಈಗ ಬರ್ಲಿನ್‌ನ ಮ್ಯೂಸಿಯಂನಲ್ಲಿದೆ. ಕೀಲಿ ತಿರುಗಿಸಿದರೆ ಖಾನೆಗಳು ತಾವಾಗಿ ಹೊರಬರುತ್ತವೆ. ಜನ ಬೆರಗಾಗುವುದು ಆ ಸ್ಪ್ರಿಂಗುಗಳಿಗೆ. ನಾನು ನೋಡುವುದು ಅದರ ಹೊರಮೈಯನ್ನು: ಕಂಬ, ಕಟ್ಟು, ಮೇಲಂಚಿನ ಪಟ್ಟಿ ಎಲ್ಲ ಅಲಂಕಾರದ ಹಾಗೆ ಕೂತಿರುವುದರಿಂದ ದಪ್ಪ ಯಾಕೆ ಅಂತ ಯಾರೂ ಕೇಳುವುದಿಲ್ಲ.

ನಿಮ್ಮ ಪೆಟ್ಟಿಗೆಗೆ ಆ ನೆಪ ಅಂದರೆ ಬುಡದ ಪಟ್ಟಿ. ಪೆಟ್ಟಿಗೆಯ ಬುಡದ ಸುತ್ತ 2 ಇಂಚು ಎತ್ತರದ, ಅರ್ಧ ಇಂಚು ದಪ್ಪದ ಪಟ್ಟಿ ಕಟ್ಟಿ. ಹಳೇ ಸಂದೂಕಗಳಿಗೆ ಇಂಥ ಪಟ್ಟಿ ಇದ್ದೇ ಇರುತ್ತದೆ, ನೋಡಿದವರು ಅದನ್ನು ಕಾಲು ಅಂತಲೇ ತಿಳಿಯುತ್ತಾರೆ. ಈಗ ಲೆಕ್ಕ ಹಾಕಿ. ಅಡಿಯ ಹಲಗೆ 6 ಮಿ.ಮೀ., ಅದರ ಮೇಲೆ ಒಂದೂಕಾಲು ಇಂಚು ಖಾಲಿ ಜಾಗ, ಅದರ ಮೇಲೆ ಒಳತಳದ ಹಲಗೆ 6 ಮಿ.ಮೀ. ಎಲ್ಲ ಸೇರಿ 2 ಇಂಚೂ ಆಗದು, ಹೆಚ್ಚೂಕಡಿಮೆ ಒಂದೂಮುಕ್ಕಾಲು. ಒಳಗಿನ ಆಳ ಏಳೂಕಾಲು ಇಂಚು, ಹೊರಗೆ ಪಟ್ಟಿಯಿಂದ ಮೇಲೆ ಕಾಣುವ ಎತ್ತರ 7 ಇಂಚು. ಕಣ್ಣಿಗೂ ಕೈಗೂ ತಾಳೆಯಾಗಿಬಿಟ್ಟಿತು.

ಆ ಜಾಗಕ್ಕೆ ಡ್ರಾಯರ್ ಬರುವುದು ಬಲ ಮಗ್ಗುಲಿನಿಂದ. ಬಲಗಡೆಯ ಪಕ್ಕದ ಹಲಗೆಯನ್ನು ಬುಡದಲ್ಲಿ ಒಂದೂವರೆ ಇಂಚು ಗಿಡ್ಡ ಮಾಡಿ. ಆ ಬದಿಯ ಬುಡಪಟ್ಟಿಯೇ ಡ್ರಾಯರಿನ ಮುಖ. ಪಟ್ಟಿಯ ಮೂಲೆಗಳನ್ನು 45 ಡಿಗ್ರಿಗೆ ಕೊಯ್ದು ಕೂಡಿಸಿ. ಇಲ್ಲಿ ಗಮನ ಇಡಿ, ಈ ಕೆಲಸದ ಜೀವ ಇರುವುದೇ ಈ ಮೂಲೆಯಲ್ಲಿ. ಮೂಲೆಕೂಡಿನಲ್ಲಿ ಒಂದು ಗೆರೆ ಎಲ್ಲ ಪೆಟ್ಟಿಗೆಗಳಲ್ಲೂ ಕಾಣುತ್ತದೆ, ಪಟ್ಟಿಯ ಮೇಲಂಚು ಪೆಟ್ಟಿಗೆಯ ಮೈಗೆ ತಾಗುವಲ್ಲೂ ಒಂದು ನೆರಳುಗೆರೆ ಇರುತ್ತದೆ. ಡ್ರಾಯರಿನ ಸಂದುಗಳು ಬರುವುದು ಆ ಎರಡು ಗೆರೆಗಳಲ್ಲೇ. ಹೊಸದಾಗಿ ಒಂದು ಗೆರೆಯೂ ಹುಟ್ಟುವುದಿಲ್ಲ. 45 ಡಿಗ್ರಿ ಕೊಯ್ತ ಇರುವುದರಿಂದ ಮುಖದ ಹೊರಮೈ ಅಗಲ, ಒಳಮೈ ಕಿರಿದು. ಹೊರಗೆ ಎಳೆದಾಗ ಎಲ್ಲೂ ಹಿಡಿಯುವುದಿಲ್ಲ. ಹಿಂದಿನ ಬದಿ, ಎಡ ಬದಿ, ಮುಂದಿನ ಬದಿಯ ಪಟ್ಟಿಗಳನ್ನೂ ಅದೇ ಹಲಗೆಯಿಂದ ಒಂದರ ಪಕ್ಕ ಒಂದು ಕೊಯ್ದುಕೊಳ್ಳಿ. ಮರದ ಎಳೆ ಮೂಲೆ ದಾಟಿ ಹರಿದ ಹಾಗೆ ಕಂಡರೆ ಒಂದು ಬದಿ ಮಾತ್ರ ಬೇರೆ ಅನ್ನಿಸುವುದಿಲ್ಲ.

ಈಗ ಬೀಗ. ಈ ಡ್ರಾಯರಿಗೆ ನನ್ನ ಆಯ್ಕೆ ಮ್ಯಾಗ್ನೆಟ್ಟೂ ಅಲ್ಲ, ಸ್ಪ್ರಿಂಗೂ ಅಲ್ಲ, ತೂಕಕ್ಕೆ ಬೀಳುವ ಪಿನ್ನು. ಡ್ರಾಯರನ್ನು ಸ್ವಲ್ಪ ಕಿರಿದು ಮಾಡಿ, ಪೆಟ್ಟಿಗೆಯ ಮುಂಬದಿಯ ಕಡೆ ಉಳಿಯುವ ಜಾಗಕ್ಕೆ ಒಂದು ಮರದ ದಿಮ್ಮಿ ಕೂರಿಸಿ. ಆ ದಿಮ್ಮಿಯಲ್ಲಿ ಡ್ರಾಯರಿನ ಕಡೆಗೆ 15 ಡಿಗ್ರಿಯಷ್ಟು ಇಳಿಜಾರಾಗಿ 6 ಮಿ.ಮೀ. ತೂತು ಕೊರೆಯಿರಿ. ಅದರೊಳಗೆ 5 ಮಿ.ಮೀ. ಹಿತ್ತಾಳೆ ಸರಳಿನ ಒಂದು ತುಂಡು. ಪೆಟ್ಟಿಗೆ ನೆಲದ ಮೇಲೆ ಸಮವಾಗಿ ಕೂತಿದ್ದರೆ ಸರಳು ಜಾರಿ ಡ್ರಾಯರಿನ ಪಕ್ಕದ ಕುಳಿಗೆ ಹೊಕ್ಕು ತಡೆ ಹಿಡಿಯುತ್ತದೆ. ಪೆಟ್ಟಿಗೆಯ ಹಿಂಬದಿ ಎತ್ತಿ ಮುಂದಕ್ಕೆ ಚೆನ್ನಾಗಿ ಬಾಗಿಸಿದರೆ ಹಿಂದಕ್ಕೆ ಜಾರುತ್ತದೆ, ಡ್ರಾಯರ್ ಬಿಡುಗಡೆ. ಮುಚ್ಚುವಾಗಲೂ ಬಾಗಿಸಿಯೇ ತಳ್ಳಿ, ಆಮೇಲೆ ಕೆಳಗಿಡಿ. ಸರಳಿನ ತುದಿಗಳನ್ನು ದುಂಡಗೆ ಉಜ್ಜಿ, ತೂತಿಗೆ ಪೆನ್ಸಿಲ್ ಸೀಸದ ಪುಡಿ ಹಾಕಿ. ಎಣ್ಣೆ ಬೇಡ, ಧೂಳು ಕೂತು ಅಂಟಾಗುತ್ತದೆ. ತೂತಿನ ಕೊನೆಗೂ ಕುಳಿಯ ತಳಕ್ಕೂ ಚರ್ಮದ ಸಣ್ಣ ಚೂರು ಅಂಟಿಸಿ, ಇಲ್ಲದಿದ್ದರೆ ಪೆಟ್ಟಿಗೆ ಎತ್ತಿದಾಗಲೆಲ್ಲ ಟಕ್ ಅಂತ ಸದ್ದು ಬಂದು ಗುಟ್ಟು ರಟ್ಟಾಗುತ್ತದೆ. ತುಕ್ಕು ಇಲ್ಲ, ಸವೆತ ಇಲ್ಲ, ಬ್ಯಾಟರಿ ಇಲ್ಲ. ಮೊಮ್ಮಕ್ಕಳ ಕಾಲಕ್ಕೂ ಕೆಲಸ ಮಾಡುತ್ತದೆ. ಈ ತೂತನ್ನು ಮಾತ್ರ ಪಟ್ಟಿ ಅಂಟಿಸುವ ಮೊದಲೇ ಕೊರೆಯಬೇಕು, ಆಮೇಲೆ ಡ್ರಿಲ್ ಹೋಗುವುದಿಲ್ಲ.

ಎರಡನೇ ಖಾನೆ, ಒಡವೆಗೆ. ಹಳೇ ಸಂದೂಕ ತೆಗೆದು ನೋಡಿದ್ದರೆ ಒಳಗೆ ಒಂದು ಮಗ್ಗುಲಿಗೆ ಚಿಲ್ಲರೆ, ಕೀಲಿಕೈ ಇಡುವ ಅಡ್ಡಖಾನೆ ಕಂಡಿರುತ್ತೀರಿ. ಅಮೆರಿಕದ ಪೆನ್ಸಿಲ್ವೇನಿಯಾಕ್ಕೆ ಹೋಗಿ ನೆಲೆಸಿದ ಜರ್ಮನ್ ಬಡಗಿಗಳು ಈ ಅಡ್ಡಖಾನೆಯ ತಳದಡಿಯಲ್ಲೇ ಕಳ್ಳ ಡ್ರಾಯರುಗಳನ್ನು ಇಡುತ್ತಿದ್ದರು. ಉಪಾಯ ಬಹಳ ಸರಳ. ಅಡ್ಡಖಾನೆಯ ಉದ್ದನೆಯ ಹಲಗೆ ಅಂಟಿಸಿದ್ದಲ್ಲ, ಎರಡೂ ಕಡೆ ಕೊರೆದ ಕಾಲುವೆಯಂಥ ಗೀರಿನಲ್ಲಿ ಮೇಲೆ ಕೆಳಗೆ ಜಾರುವಂಥದ್ದು. ಅಡ್ಡಖಾನೆಯ ಮುಚ್ಚಳ ಮುಚ್ಚಿದ್ದಾಗ ಅದು ಮೇಲೇಳದು. ಮುಚ್ಚಳ ತೆಗೆದು ಎತ್ತಿದರೆ ಹಲಗೆ ಮೇಲೆ ಬಂದು ಕೆಳಗಿನ ಡ್ರಾಯರ್ ಕಾಣುತ್ತದೆ. ನಿಮ್ಮ ಆಳಕ್ಕೆ ಅಡ್ಡಖಾನೆ ನಾಲ್ಕೂವರೆ ಇಂಚು ಬಿಡಿ, ಕೆಳಗೆ ಉಳಿದದ್ದರಲ್ಲಿ ಎರಡಿಂಚಿನ ಡ್ರಾಯರ್ ಆರಾಮಾಗಿ ಕೂರುತ್ತದೆ. ಬಳೆ, ಸರಕ್ಕೆ ಸಾಕು. ಸುಮ್ಮನೆ ಮುಚ್ಚಳ ತೆಗೆದವರು ಹಲಗೆಯನ್ನು ಎತ್ತದಿರಲಿ ಅಂದರೆ ಒಳಮುಖಕ್ಕೆ ಬಿದಿರು ಸೀಳಿನ ಒಂದು ಸ್ಪ್ರಿಂಗ್ ಕೊಡಿ, ಅಡ್ಡಖಾನೆಯೊಳಗೆ ಬೆರಳಿಟ್ಟು ಒತ್ತಿದರೆ ಮಾತ್ರ ಬಿಡುವ ಹಾಗೆ. ಬಿದಿರು ಬಲಿತದ್ದಿರಲಿ, ಎಳೆಯದಾದರೆ ಹುಳ ಹೊಡೆಯುತ್ತದೆ.

ಮ್ಯಾಗ್ನೆಟ್ಟೇ ಬೇಕು ಅಂದರೆ ಪೆಟ್ಟಿಗೆಯ ಮುಚ್ಚಳದ ಒಳಪದರಕ್ಕೆ ಹಾಕಿ, ಅಲ್ಲಿ ನಾಲ್ಕು ಕಾಗದ ಹಿಡಿಸುತ್ತದೆ. 10 ಮಿ.ಮೀ. ಅಗಲದ ನಿಯೋಡೈಮಿಯಂ ಬಿಲ್ಲೆ ಸಾಕು. ನಡುವೆ ಮರ 3 ಮಿ.ಮೀ.ಗಿಂತ ದಪ್ಪ ಇದ್ದರೆ ಹಿಡಿತ ತೀರಾ ಇಳಿದುಹೋಗುತ್ತದೆ. ಲೋಹಕ್ಕೆ ಫೆವಿಕಾಲ್ ನಿಲ್ಲದು, ಅರಾಲ್ಡೈಟ್ ಹಾಕಿ. ಸುತ್ತಿಗೆಯಲ್ಲಿ ತಟ್ಟಿ ಕೂರಿಸಬೇಡಿ, ಒಡೆಯುತ್ತದೆ.

ಜಪಾನಿನ ಹಾಕೋನೆ ಕಡೆಯ ಗುಟ್ಟಿನ ಪೆಟ್ಟಿಗೆಗಳನ್ನೂ ನೀವು ನೋಡಿರಬಹುದು. ಒಂದು ಪಟ್ಟಿಯನ್ನು ಕೆಲವೇ ಮಿ.ಮೀ. ಜಾರಿಸಿದರೆ ಇನ್ನೊಂದು ಬಿಡುತ್ತದೆ, ಹೀಗೆ ಹತ್ತಾರು ಹೆಜ್ಜೆ. ಅಪೂರ್ವ ಕೆಲಸ. ಆದರೆ ಮೊದಲ ಪೆಟ್ಟಿಗೆಗೆ, ಅದೂ ನಮ್ಮ ಮಳೆಗಾಲದಲ್ಲಿ, ಅದು ಬೇಡ ಅಂತ ಗಟ್ಟಿಯಾಗಿ ಹೇಳುತ್ತೇನೆ. ಅಷ್ಟು ಬಿಗಿ ಅಳತೆಯ ಮರ ಜುಲೈಯಲ್ಲಿ ಉಬ್ಬಿದರೆ ತೆರೆಯುವುದೇ ಇಲ್ಲ.

ಮರದ ವಿಷಯ ಇದಕ್ಕೇ ಮುಖ್ಯ. ಮರ ಉದ್ದಕ್ಕೆ ಹೆಚ್ಚೂಕಡಿಮೆ ಬದಲಾಗುವುದಿಲ್ಲ, ಅಗಲಕ್ಕೆ ಆಗುತ್ತದೆ. ಒಂದಡಿ ಅಗಲದ ತೇಗದ ಹಲಗೆ ಕೂಡ ಮಲೆನಾಡಿನ, ಕರಾವಳಿಯ ಬೇಸಿಗೆಗೂ ಮಳೆಗೂ ಒಂದೆರಡು ಮಿ.ಮೀ. ಆಡುತ್ತದೆ. ಹೊಸ ಮರಕ್ಕಿಂತ ಹಳೇ ಮನೆ ಬಿಚ್ಚಿದಾಗ ಸಿಗುವ ಬಾಗಿಲು, ತೊಲೆಯ ತೇಗ ಒಳ್ಳೆಯದು. ಗರಗಸ ಇಡುವ ಮುಂಚೆ ಮ್ಯಾಗ್ನೆಟ್ ಆಡಿಸಿ ಮುರಿದ ಮೊಳೆ ಹುಡುಕಿ. ಒಳತಳ, ಡ್ರಾಯರ್ ತಳ ಎರಡಕ್ಕೂ 6 ಮಿ.ಮೀ. ಪ್ಲೈವುಡ್ ಹಾಕಿ, ಅದು ಉಬ್ಬುವುದು ತೀರಾ ಕಡಿಮೆ. ಒಳತಳಕ್ಕೆ ಹತ್ತಿ ಬಟ್ಟೆ ಹೊದೆಸಿದರೆ ಪ್ಲೈ ಕಾಣುವುದೂ ಇಲ್ಲ. ಬೆಳ್ಳಿ ಇಡುವುದಾದರೆ ಉಣ್ಣೆ ಬಟ್ಟೆ ಬೇಡವೇ ಬೇಡ. ಅದರಲ್ಲಿರುವ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ. ಜಾರುವ ಭಾಗಗಳಿಗೆ ಪಾಲಿಶ್ ಬಿಟ್ಟು ಬರಿ ಮೇಣ ತಿಕ್ಕಿ.

ಇನ್ನೆರಡು ಮಾತು. ಖಾನೆ ಖಾಲಿ ಬಿಟ್ಟರೆ ತಟ್ಟಿದಾಗ ಟೊಳ್ಳು ಸದ್ದು ಬರುತ್ತದೆ, ಇಟ್ಟ ವಸ್ತುವಿನ ಸುತ್ತ ಬಟ್ಟೆ ತುಂಬಿ. ಎರಡನೆಯದು, ಕಳ್ಳ ಪೆಟ್ಟಿಗೆಯನ್ನೇ ಹೊತ್ತುಕೊಂಡು ಹೋದರೆ ಯಾವ ಗುಟ್ಟೂ ಉಪಯೋಗಕ್ಕೆ ಬರುವುದಿಲ್ಲ. ದೊಡ್ಡ ಬಂಗಾರ ಬ್ಯಾಂಕ್ ಲಾಕರಿನಲ್ಲೇ ಇರಲಿ. ಇದು ಮನೆಗೆ ಬಂದುಹೋಗುವವರ ಕಣ್ಣಿಗೆ ಬೀಳಬಾರದ ವಸ್ತುಗಳಿಗೆ. ತೆರೆಯುವ ಬಗೆಯನ್ನು ಮನೆಯಲ್ಲಿ ಇನ್ನೊಬ್ಬರಿಗಾದರೂ ಕೈಯಾರೆ ಮಾಡಿಸಿ ತೋರಿಸಿ, ಬಾಯಲ್ಲಿ ಹೇಳಿದ್ದು ನೆನಪಿರುವುದಿಲ್ಲ.

ಅಡಿಯ ಹಲಗೆಗೆ ಅಂಟು ಹಾಕಲೇಬೇಡಿ, ಹಿತ್ತಾಳೆ ಸ್ಕ್ರೂ ಹಾಕಿ ಮೇಲೆ ದಪ್ಪ ಬಟ್ಟೆ ಅಂಟಿಸಿ. ಪಿನ್ನು ಸಿಕ್ಕಿಕೊಂಡರೂ ಡ್ರಾಯರ್ ಹಿಡಿದುಕೊಂಡರೂ ಪೆಟ್ಟಿಗೆ ಒಡೆಯದೆ ಕೆಳಗಿನಿಂದ ಬಿಚ್ಚಬಹುದು. ಮರ ಮುಟ್ಟುವ ಮೊದಲು ರಟ್ಟಿನಲ್ಲಿ ಬುಡದ ಭಾಗವಷ್ಟನ್ನು ಇದೇ ಅಳತೆಗೆ ಮಾಡಿ ನೋಡಿ. ದಿಮ್ಮಿಯ ಜಾಗ, ತೂತಿನ ಇಳಿಜಾರು ಎರಡೂ ಅಲ್ಲೇ ಗೊತ್ತಾಗುತ್ತವೆ.